ದುಡಿದದ್ದು ನಿಜ, ದೊರೆತದ್ದೂ ನಿಜ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳ ಸಮಾರಂಭಗಳಿಗೆ ಹೋಗಿ ಬರುವವರಿಗೆ ಕರಾವಳಿಯಿಂದ ಬಂದ ಸನ್ಮಾನಿತರ ಪರಿಚಯ ಭಾಷಣ ಬಾಯಿಪಾಠವೇ ಆಗಿರುತ್ತದೆ. ಮೀಸೆ ಮೂಡುವ ಮೊದಲೇ ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟರು, ಹೋಟೆಲಿನಲ್ಲಿ ಕಪ್ಪು ಬಶಿ ತೊಳೆದರು, ರಾತ್ರಿ ಶಾಲೆಯಲ್ಲಿ ಓದಿದರು, ಯಾರ ಹಂಗೂ ಇಲ್ಲದೆ ಮೇಲೆ ಬಂದರು. ಕಪ್ಪು ತೊಳೆದದ್ದೂ ಓದಿದ್ದೂ ಖಂಡಿತ ಸುಳ್ಳಲ್ಲ. ತಕರಾರಿರುವುದು ಆ ಕೊನೆಯ ಮಾತಿನ ಬಗ್ಗೆ ಮಾತ್ರ.

ಕಪ್ಪು ತೊಳೆಯಲು ಒಂದು ಹೋಟೆಲ್ ಇತ್ತಲ್ಲ, ಅದು ಮಾವನದೋ ಊರಿನವರದೋ ಆಗಿತ್ತು. ಕೆಲಸದ ಜೊತೆಗೆ ಊಟವೂ ರಾತ್ರಿ ಮಲಗಲು ಜಾಗವೂ ಸಿಕ್ಕಿತು. ಓದಬೇಕೆಂಬ ಆಸೆ ಹುಟ್ಟುವ ಹೊತ್ತಿಗೆ ಜಾತಿ ಸಂಘವೂ ಶಾಲೆಯೂ ತಯಾರಿದ್ದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಹುಟ್ಟಿತ್ತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಶಾಲೆ ನಡೆಸುತ್ತಿತ್ತು. ಹಗಲು ಓದುವ ಮಕ್ಕಳಿಗೆ ಮುಂಬಯಿ ಮಹಾನಗರ ಪಾಲಿಕೆಯೇ ಕನ್ನಡ ಶಾಲೆ ತೆರೆದಿತ್ತು. ಮಹಾರಾಷ್ಟ್ರ ಸರ್ಕಾರದ ಬಾಲಭಾರತಿ ಇವತ್ತಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಗಡಿ ವಿವಾದ ಕಾವೇರಿದಾಗ ಇದನ್ನು ಎರಡೂ ಕಡೆಯವರು ಮರೆಯುತ್ತಾರೆ.

ಇನ್ನು ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಂಡ ಬ್ಯಾಂಕ್ ನೌಕರರ ಮಾತು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಈ ನಾಲ್ಕೂ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಹುಟ್ಟಿದವು. ಮೊದಲೆರಡು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. ಆ ಜಿಲ್ಲೆಯ ಪದವೀಧರನಿಗೆ ಬ್ಯಾಂಕು ಪರಕೀಯ ಜಾಗವಾಗಿರಲಿಲ್ಲ. ಪರೀಕ್ಷೆ ಬರೆದು ಗೆದ್ದದ್ದು ಅವನೇ. ಅಂಥದ್ದೊಂದು ಪರೀಕ್ಷೆಯಿದೆ ಎಂದು ಹೇಳುವವರು ಮನೆಯ ಜಗಲಿಯಲ್ಲೇ ಇದ್ದದ್ದು ಅವನ ಗಳಿಕೆಯಲ್ಲ.

ಇದೆಲ್ಲ ತಲೆಗೆ ಹತ್ತಬೇಕಾದರೆ ಬೆಳಿಗ್ಗೆ ನವಿಮುಂಬಯಿಯ ಯಾವುದಾದರೂ ನಾಕಾದಲ್ಲಿ ನಿಲ್ಲಬೇಕು. ಕೂಲಿಗೆ ಕಾದು ನಿಂತವರ ಬಾಯಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳುತ್ತದೆ. ಇವರೂ ಉಟ್ಟ ಬಟ್ಟೆಯಲ್ಲೇ ಬಂದವರು. ಪರಿಶ್ರಮವೇ ಅಳತೆಗೋಲಾದರೆ ಸಿಮೆಂಟ್ ಚೀಲ ಹೊತ್ತವರ ಎದುರು ನಾವು ಸನ್ಮಾನದ ಶಾಲು ಹೊದೆಯಲು ಹಿಂಜರಿಯಬೇಕಾದೀತು. ಇವರ ಹಿಂದೆ ಹೋಟೆಲಿಟ್ಟ ಮಾವನಿಲ್ಲ, ಶತಮಾನದ ಸಂಘವಿಲ್ಲ. ಸರ್ಕಾರ ಕೊಟ್ಟ ಹಕ್ಕೂ ಜೊತೆಗೆ ಬರುವುದಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರುವ ಲಂಬಾಣಿ ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅಲ್ಲಿಯ ಪ್ರಮಾಣಪತ್ರ ಇಲ್ಲಿಯ ಮೀಸಲಾತಿಗೆ ನಡೆಯದು. ಇಲ್ಲಿಯದು ಬೇಕೆಂದರೆ ಕುಟುಂಬ ದಶಕಗಳ ಹಿಂದೆಯೇ ಇಲ್ಲಿ ನೆಲೆಸಿತ್ತೆಂದು ದಾಖಲೆ ತೋರಿಸಬೇಕು. ಗುತ್ತಿಗೆದಾರನ ಹಿಂದೆ ಸೈಟಿನಿಂದ ಸೈಟಿಗೆ ಅಲೆದವರು ಎಲ್ಲಿಯ ದಾಖಲೆ ತರಬೇಕು?

ನೆಲದ ಲೆಕ್ಕ ಇದಕ್ಕಿಂತ ಜಟಿಲ. 1970ರಲ್ಲಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಸ್ಥಾಪನೆಯಾಯಿತು. ನವಿಮುಂಬಯಿ ಎಂಬ ಹೊಸ ನಗರಕ್ಕೆಂದು ಥಾಣೆ, ಪನ್ವೇಲ್, ಉರಣ್ ಭಾಗದ 95 ಹಳ್ಳಿಗಳನ್ನು ಗುರುತಿಸಲಾಯಿತು. ಗದ್ದೆ, ಉಪ್ಪಿನ ಆಗರ, ಮೀನುಗಾರಿಕೆ ನಂಬಿದ್ದ ಆಗ್ರಿ, ಕೋಲಿ ಜನರ ನೆಲ ಅದು. ಪರಿಹಾರ ಸಾಲದೆಂದು ದಿ.ಬಾ. ಪಾಟೀಲರ ನೇತೃತ್ವದಲ್ಲಿ ರೈತರು ಬೀದಿಗಿಳಿದರು. 1984ರ ಜನವರಿ 16 ಮತ್ತು 17ರಂದು ಜಾಸೈ ಸುತ್ತಮುತ್ತ ಪೊಲೀಸರ ಗುಂಡಿಗೆ ಐವರು ಪ್ರಾಣ ತೆತ್ತರು. ಕಳೆದುಕೊಂಡ ಭೂಮಿಯ ಶೇ 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ ಬಂದದ್ದು ಆ ಹೋರಾಟದಿಂದ.

ಅದೇ ಕಾಲಕ್ಕೆ ನಮ್ಮವರು ವಾಶಿ, ನೆರೂಲ್‌ನಲ್ಲಿ ಮನೆ ಕೊಳ್ಳತೊಡಗಿದ್ದರು. ‘ಆಗ ಇಲ್ಲಿ ನರಪಿಳ್ಳೆ ಇರಲಿಲ್ಲ, ಧೈರ್ಯ ಮಾಡಿ ತೆಗೆದುಕೊಂಡೆವು’ ಎಂಬುದು ಈಗಲೂ ಕೇಳುವ ಮಾತು. ಧೈರ್ಯ ಹೌದು, ನರಪಿಳ್ಳೆ ಇರಲಿಲ್ಲ ಎಂಬುದು ಮಾತ್ರ ಸರಿಯಲ್ಲ. 1992ರಲ್ಲಿ ಮಾನಖುರ್ದ್‌ನಿಂದ ಖಾರಿ ದಾಟಿ ಲೋಕಲ್ ವಾಶಿಗೆ ಬಂತು. 2025ರ ಅಕ್ಟೋಬರ್‌ನಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಇವುಗಳಿಂದ ಫ್ಲ್ಯಾಟಿನ ಬೆಲೆ ಏರಿದ್ದಕ್ಕೆ ಮಾಲೀಕ ಮಾಡಿದ ಕೆಲಸವೇನು? ಸೋಫಾದ ಮೇಲೆ ಕೂತಿದ್ದ, ಅಷ್ಟೆ. ನಾನೂ ಕೂತವನೇ.

‘ನಾವು ಯಾರ ಜಮೀನನ್ನೂ ಕಿತ್ತುಕೊಂಡಿಲ್ಲ’ ಎಂದು ಯಾರಾದರೂ ಅಂದರೆ ಅದು ಒಪ್ಪತಕ್ಕ ಮಾತು. ಪಾಪಪ್ರಜ್ಞೆಯಿಂದ ನರಳಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಕೃತಜ್ಞತೆಗೂ ನಮ್ಮಲ್ಲಿ ಬರವಿಲ್ಲ. ಊರ ದೈವಸ್ಥಾನದ ಜೀರ್ಣೋದ್ಧಾರಕ್ಕೆ, ಬ್ರಹ್ಮಕಲಶಕ್ಕೆ ಹೊರನಾಡಿನ ದೇಣಿಗೆ ಧಾರಾಳವಾಗಿ ಹೋಗುತ್ತದೆ. ಆದರೆ ಆ ಕೃತಜ್ಞತೆ ಪನ್ವೇಲ್‌ನಲ್ಲಿ ಮತ್ಸ್ಯಗಂಧಾ ರೈಲು ಹತ್ತಿದರೆ ಕರಾವಳಿಯಲ್ಲೇ ಇಳಿಯುವುದು. ಪನ್ವೇಲ್‌ಗೆ ಹತ್ತಿರದ ಜಾಸೈ ಅದರ ದಾರಿಯಲ್ಲಿ ಬರುವುದಿಲ್ಲ. ಎದುರಿನ ನಾಕಾ ಅಂತೂ ಬರುವುದೇ ಇಲ್ಲ.

ಮುಂಬಯಿ ಕಡೆ ಉಳಿದಿರುವ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಈಗ ಉತ್ತರ ಕರ್ನಾಟಕದ ಕೂಲಿಕಾರರ ಮಕ್ಕಳೇ ಹೆಚ್ಚು. ಆ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಬಹಳ ಕಾಲವಾಯಿತು. ಜಾತಿ ಸಂಘಗಳ ವಿದ್ಯಾರ್ಥಿವೇತನ ಮಾತ್ರ ಇನ್ನೂ ಸದಸ್ಯರ ಮಕ್ಕಳನ್ನೇ ಹುಡುಕುತ್ತದೆ. ಅದರ ಒಂದು ಪಾಲನ್ನಾದರೂ ಈ ತರಗತಿಗಳಿಗೆ ತೆರೆದಿಡುವುದು ದಾನವಲ್ಲ, ಹಳೆಯ ಬಾಕಿ.

ಹಣಕ್ಕಿಂತ ಅಗ್ಗದ ಇನ್ನೊಂದು ಕೆಲಸವಿದೆ. 1996ರ ಕಾಯ್ದೆಯಿಂದ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದರೆ ಮಕ್ಕಳ ಓದಿಗೆ, ಚಿಕಿತ್ಸೆಗೆ ನೆರವು ಸಿಗುತ್ತದೆ. ಅದಕ್ಕೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ದಿನಕ್ಕೊಬ್ಬ ಮುಕಾದಮನ ಕೈಕೆಳಗೆ ದುಡಿಯುವವನಿಗೆ ಅದನ್ನು ಬರೆದುಕೊಡುವವರು ಯಾರು? ನಮ್ಮ ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಿದ್ದಾರೆ, ವಕೀಲರಿದ್ದಾರೆ, ಗುತ್ತಿಗೆದಾರರೂ ಇದ್ದಾರೆ. ಮರಾಠಿಯ ಅರ್ಜಿ ಓದಿ ಕನ್ನಡದಲ್ಲಿ ವಿವರಿಸಬಲ್ಲವರು ಇವರು. ಭಾನುವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ಒಂದು ಮೇಜು ಹಾಕಿದರೆ ಸಾಕು. ಗುತ್ತಿಗೆದಾರ ಸದಸ್ಯರು ತಮ್ಮ ಸೈಟಿನಲ್ಲಿ ದುಡಿದವರಿಗೆ ಸಹಿ ಹಾಕಿಕೊಡುವುದರಿಂದಲೇ ಶುರು ಮಾಡಬಹುದು.