‘ಬೇಗ ಬೇಗ’ ಎನ್ನಬೇಡಿ

ಮದುವೆಯ ಕರೆಯೋಲೆ ಕೈಗೆ ಬಂದರೆ ನಮ್ಮಪ್ಪ ಮೊದಲು ನೋಡುವುದು ಮುಹೂರ್ತದ ಹೊತ್ತು. ಹತ್ತೂವರೆಗೆ ಧಾರೆ ಎಂದಿದ್ದರೆ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಎಂಟಕ್ಕೆ ನುಂಗಿದ ಮಾತ್ರೆ ಅಲ್ಲಿಯವರೆಗೆ ಬಂದೀತೇ? ಪಂಕ್ತಿಯಲ್ಲಿ ಕೂತಾಗ ಕೈ ನಡುಗಿ ಸಾರು ಚೆಲ್ಲಿದರೆ? ಕೊನೆಗೆ, “ನೀವೆಲ್ಲ ಹೋಗಿಬನ್ನಿ, ನಾನು ಮನೆ ನೋಡ್ಕೋತೀನಿ” ಎನ್ನುತ್ತಾರೆ. ಅವರಿಗೆ ಪಾರ್ಕಿನ್ಸನ್ ಕಾಯಿಲೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿ ಬರೆದ. ಆಯುರ್ವೇದದವರು ಕಂಪವಾತ ಎನ್ನುತ್ತಾರೆ. ಹೆಸರು ಯಾವುದಾದರೂ ನಮ್ಮ ಕಣ್ಣಿಗೆ ಬೀಳುವುದು ನಡುಕವೊಂದೇ. ಆದರೆ ಮಿದುಳಿನಲ್ಲಿ ಕಡಿಮೆಯಾಗುವ ಡೋಪಮಿನ್ ಎಂಬ ರಾಸಾಯನಿಕ ಕೈಕಾಲಿನ ಚಲನೆಗಷ್ಟೇ ಅಲ್ಲ, ಮನಸ್ಸಿನ ಉತ್ಸಾಹಕ್ಕೂ ಬೇಕು. ಹಾಗಾಗಿ ಆತಂಕ, ಖಿನ್ನತೆ ಈ ಕಾಯಿಲೆಯದೇ ಭಾಗ. ಕೆಲವರಲ್ಲಿ ಅವು ನಡುಕಕ್ಕಿಂತ ವರ್ಷಗಳ ಮೊದಲೇ ಬಂದಿರುತ್ತವೆ. “ಧೈರ್ಯ ತಂದ್ಕೊಳ್ಳಿ” ಎಂಬ ಬುದ್ಧಿಮಾತಿಗೆ ಅವು ಬಗ್ಗುವುದಿಲ್ಲ, ಚಿಕಿತ್ಸೆಗೆ ಬಗ್ಗುತ್ತವೆ.

ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ಮೊದಮೊದಲು ದಿನವಿಡೀ ಕೈಹಿಡಿದು ನಡೆಸುತ್ತದೆ. ವರ್ಷ ಕಳೆದಂತೆ ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆಯೇ ಅದರ ಬಲ ಇಳಿಯುತ್ತದೆ. ನಿನ್ನೆ ಸರಾಗವಾಗಿ ಹತ್ತಿದ ಮೆಟ್ಟಿಲು ಇವತ್ತು ಬೆಟ್ಟ. ಯಾವ ಗಳಿಗೆಯಲ್ಲಿ ಮೈ ಮಾತು ಕೇಳುತ್ತದೆ, ಯಾವಾಗ ಕೈಕೊಡುತ್ತದೆ ಎಂದು ತಿಳಿಯದೆ ಬದುಕುವುದೇ ದೊಡ್ಡ ಹಿಂಸೆ. ಗಾಬರಿಯಾದಷ್ಟೂ ನಡುಕ ಹೆಚ್ಚುತ್ತದೆ, ನಡುಕ ಹೆಚ್ಚಿದಷ್ಟೂ ಗಾಬರಿ.

ಕಳೆದ ತಿಂಗಳು ಬ್ಯಾಂಕಿನಲ್ಲಿ ಅದನ್ನು ಕಣ್ಣಾರೆ ಕಂಡೆ. ಈ ಕಾಯಿಲೆಯಲ್ಲಿ ಅಕ್ಷರ ಬರೆಯುತ್ತ ಬರೆಯುತ್ತ ಇರುವೆ ಸಾಲಿನಂತೆ ಕಿರಿದಾಗುತ್ತದೆ. ಅಪ್ಪನ ಸಹಿ ಹಳೆಯದಕ್ಕೆ ಹೊಂದಲಿಲ್ಲ. “ಬೇಗ ಹಾಕಿ ಯಜಮಾನ್ರೇ, ಹಿಂದೆ ಜನ ಇದಾರೆ” ಎಂದರು ಕೌಂಟರಿನವರು. ಅಷ್ಟು ಸಾಕಾಯಿತು, ಪೆನ್ನು ಕೈಜಾರಿ ನೆಲಕ್ಕೆ ಬಿತ್ತು. ಅಂದಿನಿಂದ ಅಪ್ಪ ಬ್ಯಾಂಕಿನ ಕಡೆ ಹೋಗಿಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಕೌಂಟರಿನಲ್ಲಿ, ಬಸ್ಸಿನ ಬಾಗಿಲಲ್ಲಿ ಇಂಥವರು ಎದುರಾದರೆ ಒಂದು ನಿಮಿಷ ಕಾಯಿರಿ. ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟರೆ ತಳ್ಳಬೇಡಿ, ಎಳೆಯಬೇಡಿ. ಮೆಲ್ಲಗೆ “ಒಂದು, ಎರಡು” ಎಂದು ಎಣಿಸಿ. ಎಷ್ಟೋ ಸಲ ಆ ತಾಳಕ್ಕೆ ಹೆಜ್ಜೆ ಏಳುತ್ತದೆ. ಮುಖದಲ್ಲಿ ನಗು ಕಾಣದಿದ್ದರೆ ಸಿಡುಕು ಎಂದುಕೊಳ್ಳಬೇಡಿ. ಮುಖದ ಸ್ನಾಯು ಬಿಗಿದಿರುತ್ತದೆ, ಒಳಗೆ ನಗು ಇರುತ್ತದೆ. ದನಿ ಸಣ್ಣದಾಗಿದ್ದರೆ ಅವರ ಮಾತನ್ನು ನೀವು ಮುಗಿಸಬೇಡಿ.

ಬ್ಯಾಂಕಿನವರೇ, ಸಹಿ ಮಾಡಲಾಗದ ವೃದ್ಧರು, ರೋಗಿಗಳು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಅದನ್ನು ನೀವಾಗಿಯೇ ತಿಳಿಸಿ. ಮನೆಯವರೇ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಸೇರಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ನರರೋಗ ವೈದ್ಯರ ಮುಂದೆ ನಡುಕದ ಜತೆಗೆ ನಿದ್ದೆ, ಭಯ, ಬೇಸರದ ಮಾತನ್ನೂ ಎತ್ತಿ. ಮನಸ್ಸು ಕುಸಿದರೆ ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರೋಗಿಯನ್ನು ನೋಡಿಕೊಳ್ಳುವವರಿಗೂ ಅದು ಬೇಕಾಗುತ್ತದೆ.

ಮುಂದಿನ ಸಲ ಇಂಥ ಮನೆಗೆ ಕರೆಯೋಲೆ ಕೊಡಲು ಹೋದಾಗ ಒಂದು ಮಾತು ಸೇರಿಸಿ: “ಯಾವ ಹೊತ್ತಿಗೆ ಬಂದರೂ ಸರಿ, ಊಟಕ್ಕೆ ಚಮಚ ಇಟ್ಟಿರ್ತೀವಿ.”