ಪಲ್ಪರ್ ಮನೆಯೂ ಕೊಟ್ಟಣದ ಒನಕೆಯೂ

ಸಕಲೇಶಪುರ ಸೀಮೆಗೆ ಹಿಂದೆ ಮಂಜರಾಬಾದ್ ಎಂದು ಹೆಸರು. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಆಂಗ್ಲನು ಇಲ್ಲಿಯ ಕಾಡಿನಲ್ಲಿ ಕಾಫಿ ತೋಟವನ್ನು ಆರಂಭಿಸಿದನು. ಅವನ ತರುವಾಯ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ಟನು ತನ್ನ ಅನುಭವಗಳನ್ನು 1894ರಲ್ಲಿ ಗ್ರಂಥವಾಗಿ ಹೊರತಂದನು.

ಗಿಡ ನೆಟ್ಟ ಮಾತ್ರಕ್ಕೆ ಕಾಫಿ ಪೇಟೆ ಸೇರದು. ಕೊಯ್ದ ಹಣ್ಣನ್ನು ಆದಷ್ಟು ಅಂದೇ ಪಲ್ಪರಿಗೆ ಹಾಕಬೇಕು. ತಡವಾದರೆ ಹುಳಿತು ಬೀಜ ಕೆಡುತ್ತದೆ. ಆದುದರಿಂದ ತೋಟ ಕಟ್ಟುವವನು ಹಳ್ಳದ ನೀರು ಒದಗುವ ಎಡೆಯಲ್ಲಿ ಪಲ್ಪರ್ ಮನೆಯನ್ನೂ ಕಟ್ಟಬೇಕಾಗಿತ್ತು. ಉಬ್ಬುಗಳುಳ್ಳ ತಾಮ್ರದ ತಗಡು ಹೊದಿಸಿದ ಉರುಳೆಯು ತಿರುಗುತ್ತಿರಲು, ನೀರಿನೊಡನೆ ಬಿದ್ದ ಹಣ್ಣು ಒತ್ತಡಕ್ಕೆ ಸಿಕ್ಕಿ ಸಿಪ್ಪೆಯೇ ಬೇರೆ, ಬೀಜವೇ ಬೇರೆ ಆಗುತ್ತದೆ. ಬಳಿಕ ಲೋಳೆ ಬಿಡುವವರೆಗೆ ತೊಟ್ಟಿಯಲ್ಲಿರಿಸಿ, ತೊಳೆದು, ಕಣದಲ್ಲಿ ಒಣಗಿಸಬೇಕು. (ಆ ತೊಳೆದ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಡಲಾಗದೆಂದು ತೋಟದ ಮನೆತನಗಳಿಗೆ ಬೇರೆ ಹೇಳಬೇಕಿಲ್ಲ.) ಚಿಕ್ಕ ಯಂತ್ರಗಳನ್ನು ಆಳುಗಳು ಕೈಯಿಂದಲೇ ತಿರುಗಿಸುತ್ತಿದ್ದರು.

ಗ್ರೀನನ ಹೆಸರು ಉಳಿದಿದೆ, ಉಳಿಯಲಿ. ಆದರೆ ಯಂತ್ರದ ಹಿಡಿ ತಿರುಗಿಸಿದವರಾರು, ಹಣ್ಣು ಕೊಯ್ದ ತಾಯಂದಿರಾರು? ಗ್ರಂಥಗಳಲ್ಲಿ ಅವರು ಬಹುಮಟ್ಟಿಗೆ ಬರಿಯ ಆಳುಗಳು. ಶರಣಪರಂಪರೆಯ ರೀತಿಯೇ ಬೇರೆ. ಹನ್ನೆರಡನೆಯ ಶತಮಾನದಲ್ಲಿ ಭತ್ತ ಕುಟ್ಟಿ ಬದುಕಿದ ತಾಯಿಯನ್ನು ಕೊಟ್ಟಣದ ಸೋಮಮ್ಮನೆಂದು, ಗಾಣದ ಕಾಯಕದವರನ್ನು ಗಾಣದ ಕನ್ನಪ್ಪನೆಂದು ನಾವು ಇಂದಿಗೂ ಸ್ಮರಿಸುತ್ತೇವೆ. ಕಾಯಕವೇ ಅವರ ಹೆಸರಿಗೆ ಮೊದಲಾಯಿತು.

ಆಲೂರು, ಸಕಲೇಶಪುರದ ಸದ್ಭಕ್ತರ ಅಟ್ಟಗಳ ಮೇಲೆ ತೋಟದ ಹಳೆಯ ಲೆಕ್ಕದ ಪುಸ್ತಕಗಳು ಇದ್ದಾವು. ಗೆದ್ದಲು ಹಿಡಿಯುವ ಮುನ್ನ ಅವನ್ನು ಇಳಿಸಿ, ಬಟವಾಡೆಯ ಪಟ್ಟಿಯಲ್ಲಿರುವ ಹೆಸರುಗಳನ್ನು ಮನೆಯ ಮಕ್ಕಳಿಂದ ನಕಲು ಮಾಡಿಸಿರೆಂದು ಬೇಡುತ್ತೇವೆ.