ಗಾಡಿ ರೆಡಿ ಆತು, ನಾಯಿ?

ಹಿಂಡಲಗಾ ಅಂದ್ರ ಹೊರಗಿನವರಿಗೆ ಮೊದಲು ನೆನಪಾಗೋದು ಜೈಲು. ನಮಗೆ ಅದು ವೆಂಗುರ್ಲಾ ರಸ್ತೆಯ ಊರು. ಸುಳಗಾ, ಶಿನೋಳಿ ದಾಟಿ ಅಂಬೋಲಿ ಘಾಟ್ ಇಳಿದರೆ ಕೊಂಕಣ. ಇನ್ನೊಂದು ಕಡೆ ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಇಳಿದರೆ ಗೋವಾ. ಈ ಎರಡೂ ರಸ್ತೆಯಲ್ಲಿ ಈಗ ಹೊಸ ನಮೂನಿಯ ಗಾಡಿಗಳು ಓಡಾಡುತ್ತಿವೆ. ಒಳಗೆ ಮಂಚ, ಒಲೆ, ಸಿಂಕು. ನೆತ್ತಿಯ ಮೇಲೆ ಸೋಲಾರ್ ಪ್ಲೇಟು. ಕಿಟಕಿಯಲ್ಲಿ ನಾಲಿಗೆ ಚಾಚಿದ ನಾಯಿ.

"ನಾಯಿ ಕರ್ಕೊಂಡು ಕ್ಯಾರವಾನ್ ಟೂರ್ ಹೊಂಟೀವ್ರಿ, ಏನೇನು ತಯಾರಿ ಬೇಕು?" ಅಂತ ಕೇಳುವವರೂ ಹೆಚ್ಚಿದ್ದಾರೆ. ಅವರ ಪಟ್ಟಿ ನೋಡಬೇಕು ನೀವು. ಇನ್ವರ್ಟರ್ ಎಷ್ಟು ವ್ಯಾಟು, ಪರದೆ ಯಾವ ಬಣ್ಣ, ನೀರಿನ ಟ್ಯಾಂಕಿ ಎಷ್ಟು ಲೀಟರು, ಡ್ರೋನ್ ಹಾರಿಸಲು ಯಾವ ಗುಡ್ಡ ಚಲೋ, ಎಲ್ಲಾ ಉಂಟು. ನಾಯಿಯ ಪಾಲಿಗೆ ಕೊನೆಯಲ್ಲಿ ಒಂದೇ ಸಾಲು: ಬಿಸ್ಕೀಟು, ಬೆಲ್ಟು.

ನನ್ನ ತಕರಾರು ಇರೋದು ಇಲ್ಲೇ. ಈ ಪಟ್ಟಿ ತಲೆಕೆಳಗಾಗಿದೆ. ದುಡ್ಡಿದ್ದರೆ ಬಾಡಿಗೆಯ ಮೋಟರ್‌ಹೋಮ್ ನಾಳೆಯೇ ಬಾಗಿಲಿಗೆ ಬಂದು ನಿಂತೀತು. ನಾಯಿ ತಯಾರಾಗಲು ಕನಿಷ್ಠ ಆರು ವಾರ ಬೇಕು. ಆ ಆರು ವಾರ ಕೊಡಲಾಗದವರು ಅದನ್ನು ನಂಬಿಕಸ್ಥರ ಮನೆಯಲ್ಲಿ ಬಿಟ್ಟು ಹೋಗಲಿ. ಅದಕ್ಕೇನೂ ಬೇಜಾರಾಗುವುದಿಲ್ಲ. ರೀಲ್ಸಿಗೆ ಲೈಕು ಕಡಿಮೆ ಬಿದ್ದಾವು, ಅಷ್ಟೇ.

ಆರು ವಾರ ಯಾಕೆ? ಲೆಕ್ಕ ಸರಳ. ಘಾಟಿನ ಹಳ್ಳ, ಗದ್ದೆಯ ನಿಂತ ನೀರಿನಲ್ಲಿ ಇಲಿಯ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್ ಇರುತ್ತದೆ. ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಅದರ ಲಸಿಕೆ ಮೊದಲ ಬಾರಿ ಹಾಕಿಸುವಾಗ ಮೂರು-ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಅದು ಮೈಗೆ ಹತ್ತಲು ಮತ್ತೆರಡು ವಾರ. ರೇಬೀಸ್ ಸೂಜಿಯೂ ಅಷ್ಟೇ, ಮೊದಲ ಸಲ ಹಾಕಿಸಿದ ದಿನವೇ ರಕ್ಷಣೆ ಬರುವುದಿಲ್ಲ, ಮೂರು ವಾರವಾದರೂ ಬೇಕು. "ಹೋಗೋ ಮುಂಚೆ ಒಂದು ಇಂಜೆಕ್ಷನ್ ಮಾಡಿಸಿದ್ರಾತು" ಅನ್ನುವವರು ಸಮಾಧಾನಕ್ಕೆ ಮಾಡಿಸುತ್ತಾರೆ, ನಾಯಿಗೋಸ್ಕರ ಮಾಡಿಸುವುದಿಲ್ಲ.

ಇನ್ನು ಉಣ್ಣಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಈಗ ಅಲ್ಲಿಗಷ್ಟೇ ಸೀಮಿತವಾಗಿಲ್ಲ. ಗೋವಾದ ಸತ್ತರಿಯಲ್ಲೂ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ. ಚೋರ್ಲಾ ಇಳಿದರೆ ಸಿಗುವುದೇ ಸತ್ತರಿ. ಅಂಬೋಲಿ ಇರುವುದೇ ಸಿಂಧುದುರ್ಗದಲ್ಲಿ. ಆ ಕಾಯಿಲೆಯ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಸರಿಯಾಗಿ ನಮ್ಮ ಪ್ರವಾಸದ ಸೀಸನ್ನು. ಪೊದೆಯಲ್ಲಿ ಹೊಕ್ಕು ಬಂದ ನಾಯಿ ಉಣ್ಣಿಯನ್ನು ಹೊತ್ತು ನೇರ ನಿಮ್ಮ ಹಾಸಿಗೆಗೇ ಬರುತ್ತದೆ, ಏಕೆಂದರೆ ಮೋಟರ್‌ಹೋಮಿನಲ್ಲಿ ಬೇರೆ ಅಂಗಳವೇ ಇಲ್ಲ. ಉಣ್ಣಿಯ ಔಷಧಿಯನ್ನು ಡಾಕ್ಟರಿಗೆ ಕೇಳಿ ಹೊರಡುವ ಮೊದಲೇ ಕೊಡಬೇಕು. ದಿನಾ ಸಂಜೆ ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ ತಡವಿ ನೋಡಬೇಕು.

ಮೂರನೆಯದು ರೂಢಿ. ನಿಂತ ಗಾಡಿಯಲ್ಲಿ ಒಂದು ವಾರ ಊಟ. ಆಮೇಲೆ ಎಂಜಿನ್ ಶುರುಮಾಡಿ ಕೂಡಿಸುವುದು. ಆಮೇಲೆ ಉಚಗಾವಿಯವರೆಗೆ ಹೋಗಿ ಬರುವುದು. ಆಮೇಲೆ ಜಾಂಬೋಟಿ. ವಾಂತಿ ಮಾಡುತ್ತದೋ, ನಡುಗುತ್ತದೋ, ಜೊಲ್ಲು ಸುರಿಸುತ್ತದೋ ಆಗಲೇ ಗೊತ್ತಾಗುತ್ತದೆ. ನೇರ ಚೋರ್ಲಾದ ತಿರುವಿನಲ್ಲಿ ಪರೀಕ್ಷೆ ಮಾಡುವುದು ಯಾವ ಪ್ರೀತಿ? ಓಡುವ ಗಾಡಿಯಲ್ಲಿ ನಾಯಿ ಮಂಚದ ಮೇಲೆ ಸಡಿಲವಾಗಿ ಕೂರುವಂತಿಲ್ಲ. ಹಾರ್ನೆಸ್ ಹಾಕಿ ಸೀಟಿಗೆ ಬಿಗಿಯಬೇಕು, ಇಲ್ಲವೇ ನೆಲಕ್ಕೆ ಬೋಲ್ಟ್ ಮಾಡಿದ ಪಂಜರ ಬೇಕು. ಎದುರಿಗೆ ಎಮ್ಮೆ ಬಂದು ಬ್ರೇಕ್ ಒತ್ತಿದಾಗ 20 ಕೆಜಿಯ ನಾಯಿ ಡ್ರೈವರನ ಬೆನ್ನಿಗೇ ಬಂದು ಬಡಿಯುತ್ತದೆ.

"ಎಸಿ ಚಾಲೂ ಇಟ್ಟು ಊಟಕ್ಕ ಹೋಗ್ತೀವ್ರಿ, ಏನಾಗ್ತದ?" ಇದು ಎಲ್ಲಕ್ಕಿಂತ ಅಪಾಯದ ಮಾತು. ನಿಂತ ಗಾಡಿಯ ಎಸಿ ಬ್ಯಾಟರಿ ಮೇಲೋ ಜನರೇಟರ್ ಮೇಲೋ ನಡೆಯುತ್ತದೆ. ನೀವು ಎರಡನೇ ರೊಟ್ಟಿ ಮುರಿಯುವಾಗ ಅದು ಟ್ರಿಪ್ ಆದರೆ ಹೇಳುವವರು ಯಾರು? ಹೊರಗೆ 30 ಡಿಗ್ರಿ ಇದ್ದರೆ, ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ 10 ನಿಮಿಷದಲ್ಲಿ 40 ಆದೀತು. ದೊಡ್ಡ ಗಾಡಿಗೆ ಇನ್ನೊಂದಿಷ್ಟು ಹೊತ್ತು ಹಿಡಿದೀತು. ನಾಯಿಗೆ ನಮ್ಮಂತೆ ಮೈಯೆಲ್ಲಾ ಬೆವರುವುದಿಲ್ಲ, ತೇಕುವುದೊಂದೇ ದಾರಿ. ಅದರ ಮೈಶಾಖ ಸಹಜವಾಗಿ 38-39 ಡಿಗ್ರಿ, 41 ದಾಟಿದರೆ ಜೀವಕ್ಕೇ ಕುತ್ತು. ಹಳೆಯ ಹಚ್ ಜಾಹೀರಾತು ನೋಡಿ ನಮ್ಮಲ್ಲಿ ಮನೆಮನೆಗೂ ಬಂತಲ್ಲ ಪಗ್, ಆ ಮೊಂಡು ಮೂಗಿನ ಜಾತಿಗೆ ತೇಕಲೂ ಸರಿಯಾಗಿ ಬರುವುದಿಲ್ಲ. ಹಿಂಡಲಗಾ ಜೈಲಿನ ಕೈದಿಗೂ ಗಾಳಿ, ನೀರು ತಪ್ಪಿಸುವಂತಿಲ್ಲ. ಇದೇನು ತಪ್ಪು ಮಾಡಿತ್ತು? ಇಬ್ಬರಿದ್ದರೆ ಸರದಿ ಮೇಲೆ ಉಣ್ರಿ. ಒಬ್ಬರೇ ಇದ್ದರೆ ಪಾರ್ಸಲ್ ತಗೊಳ್ರಿ.

"ನಮ್ಮ ನಾಯಿ ಯಾರಿಗೂ ಏನೂ ಮಾಡಂಗಿಲ್ರಿ, ಕಾಡಿನ್ಯಾಗ ಅರಾಮ ಓಡಾಡ್ಲಿ." ಏನೂ ಮಾಡದಿರಬಹುದು. ಅದು ಹೋಗಿ ನಿಂತ ಜಾಗ ಯಾರ ಮನೆ ಎಂದು ಕೇಳಿದ್ದೀರಾ? ಖಾನಾಪುರದ ಭೀಮಗಡ ವನ್ಯಜೀವಿಧಾಮದ ಸುತ್ತ ಸೀಳುನಾಯಿ, ಚಿರತೆ, ಕರಡಿ ಇವೆ, ಗೌಳಿಗರ ಎಮ್ಮೆಗಳಿವೆ, ಅವರ ನಾಯಿಗಳೂ ಇವೆ. ಲಸಿಕೆ ಇಲ್ಲದ ಪೇಟೆ ನಾಯಿ ಪಾರ್ವೊ ವೈರಸ್ಸನ್ನು ಮಣ್ಣಿನಲ್ಲಿ ಬಿಟ್ಟುಹೋದರೆ ಅದು ತಿಂಗಳುಗಟ್ಟಲೆ ಉಳಿಯುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಒಂದರ ಹಿಂದೊಂದು ಸತ್ತಾಗ ಸಿಕ್ಕಿದ್ದು ನಾಯಿಗಳ ಡಿಸ್ಟೆಂಪರ್ ವೈರಸ್. ಇನ್ನು ಚಿರತೆಗೆ ನಾಯಿಯೆಂದರೆ ಸುಲಭದ ಊಟ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲೇ ಚಿರತೆ ಸೇರಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದ್ದನ್ನು ನಾವೇ ಮರೆತರೆ ಹೇಗೆ? ಊರೊಳಗೇ ಹೀಗಿದ್ದರೆ ಕಾಡಿನ ಅಂಚಿನಲ್ಲಿ ರಾತ್ರಿ ಗಾಡಿ ನಿಲ್ಲಿಸಿ ನಾಯಿಯನ್ನು ಹೊರಗೆ ಕಟ್ಟುವುದು ಶುದ್ಧ ಹುಚ್ಚುತನ.

ಕಾನೂನು ನೋಡಿಕೊಳ್ಳುತ್ತದೆ ಅಂತೀರಾ? 1978ರ ಪ್ರಾಣಿ ಸಾಗಣೆ ನಿಯಮಗಳು ನಾಯಿಯ ಜೊತೆ ಪಶುವೈದ್ಯರ ಪ್ರಮಾಣಪತ್ರ ಇರಬೇಕೆನ್ನುತ್ತವೆ. ಮಾಡಿಸಿಕೊಳ್ರಿ, ರಾಜ್ಯದ ಗಡಿ ದಾಟುವವರಿಗೆ ಕೆಲಸಕ್ಕೆ ಬರುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ನಾಯಿಯನ್ನು ನೋವಾಗುವಂತೆ ಸಾಗಿಸುವುದು, ಉಪವಾಸ ಬೀಳುವಂತೆ ಎಲ್ಲೋ ಬಿಟ್ಟುಹೋಗುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆ ಕಲಮಿನ ದಂಡ 10ರಿಂದ 50 ರೂಪಾಯಿ. ಘಾಟಿನಲ್ಲಿ ಒಂದು ಪ್ಲೇಟು ಭಜಿ, ಚಹಾ ಇದಕ್ಕಿಂತ ತುಟ್ಟಿ. ಅಂದಮೇಲೆ ಆ ಪ್ರಾಣಿಗೆ ಕಾವಲು ನೀವೇ, ಸರ್ಕಾರ ಅಲ್ಲ.

ಹಾಗಾದರೆ ಹೋಗಲೇಬಾರದಾ? ಹಂಗಲ್ರಿ. ಹೋಟೆಲಿನವರು ನಾಯಿ ಕಂಡರೆ ಬಾಗಿಲು ಹಾಕುತ್ತಾರೆ. ರೈಲಿನಲ್ಲಿ ಫಸ್ಟ್ ಎಸಿಯ ಕೂಪೆ ಸಿಕ್ಕರೆ ಸರಿ, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯೇ ಗತಿ. ಅದಕ್ಕೆ ಹೋಲಿಸಿದರೆ ತನ್ನದೇ ಹಾಸಿಗೆಯ ವಾಸನೆ, ತನ್ನ ಜನ, ಬೇಕಾದಾಗ ನಿಲ್ಲುವ ಗಾಡಿ, ನಾಯಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ಇಲ್ಲ. ಇಷ್ಟು ಚಲೋ ಅನುಕೂಲವನ್ನು ಸೋಂಬೇರಿತನದಿಂದ ಕೆಡಿಸುತ್ತಾರಲ್ಲ, ಸಿಟ್ಟು ಅದಕ್ಕೆ.

ನಮ್ಮ ಜಿಲ್ಲೆಯ ಕುರುಬರು ಕುರಿ ಹಿಂಡು, ಕುದುರೆ, ನಾಯಿ ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ತಿರುಗುತ್ತಾರೆ. ಬಿಸಿಲೇರಿದರೆ ಗಿಡದ ನೆರಳು, ನೀರಿದ್ದಲ್ಲಿ ತಂಗು. ಅಲ್ಲಿ ದಾರಿಯ ಲೆಕ್ಕ ಪ್ರಾಣಿಯ ಕಾಲಿನದು. ಲಕ್ಷಗಟ್ಟಲೆಯ ಗಾಡಿಯವರು ಇಷ್ಟಾದರೂ ಕಲಿಯಬಹುದು: ಎರಡು-ಮೂರು ತಾಸಿಗೊಮ್ಮೆ ನಿಲ್ಲಿಸಿ, ಬೆಲ್ಟು ಹಾಕಿ ಇಳಿಸಿ, ನೀರು ಕುಡಿಸಿ, ಹೇತದ್ದನ್ನು ಚೀಲದಲ್ಲಿ ಎತ್ತಿಕೊಂಡು ಮುಂದೆ ಹೋಗುವುದು.

ಈ ವಾರವೇ ಹೊರಡುವವರಿಗೆ ಒಂದು ಪ್ರಶ್ನೆ. ನಿಮ್ಮ ನಾಯಿಯ ಲಸಿಕೆ ಪುಸ್ತಕ ಎಲ್ಲೈತಿ? ಥಟ್ಟಂತ ಹೇಳಲಾಗದಿದ್ದರೆ ಗಾಡಿಯ ಕೀಲಿ ಗೂಟಕ್ಕೆ ಹಾಕಿ, ಮೊದಲು ಅದನ್ನು ಹುಡುಕ್ರಿ.